ಗೊಬ್ಬರದ ಗುಂಡಿಯಲ್ಲಿ ಉಳಿದದ್ದು

ಆಸ್ಪತ್ರೆಯ ಹಿಂದಿನ ತೋಟಗಾರರ ಕೊಠಡಿ
ಜುಲೈ ೯, ಬುಧವಾರ

ಪ್ರೀತಿಯ ಮಗಳೇ,

ನಿನ್ನ ಕಾಲಿನ ಉಳುಕು ಹೇಗಿದೆ? ಊತ ಇಳಿಯುವ ಮುಂಚೆ ಗುಡ್ಡ ಹತ್ತಬೇಡ. ನಿನಗೆ ಹೇಳಿದರೂ ಒಂದೇ, ಗೋಡೆಗೆ ಹೇಳಿದರೂ ಒಂದೇ. ನಾನು ಚೆನ್ನಾಗಿದ್ದೇನೆ ಅಂತ ಬರೆಯಲು ಕೈ ಬರುತ್ತಿಲ್ಲ. ಎರಡು ದಿನದಿಂದ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ.

ಹೋದ ಸಲ ಬಂದಾಗ ನನ್ನ ಗೊಬ್ಬರದ ಗುಂಡಿಯಲ್ಲಿ ನೀನು ಕಂಡೆಯಲ್ಲ, ಎರೆಹುಳುವಿನಂತೆ ಮೈತುಂಬ ಉಂಗುರವಿದ್ದ, ಪಕ್ಕದಲ್ಲಿ ಹಳದಿ ಪಟ್ಟಿಯ, ಕಾಲೇ ಇಲ್ಲದ ಪ್ರಾಣಿ? "ಅಮ್ಮಾ, ಇದು ಕಪ್ಪೆಯ ದಾಯಾದಿ. ಈ ಜಾತಿಯದರ ಮೊಟ್ಟೆ ಇನ್ನೂ ಯಾರೂ ನೋಡಿಲ್ಲ, ಆ ಮೂಲೆ ಅಗೀಬೇಡ" ಅಂದು ಹೋದೆ. ನಾನು ಸಲಿಕೆ ತಾಗಿಸಿರಲಿಲ್ಲ. ಸೋಮವಾರ, ಕಾರು ನಿಲ್ಲಿಸಲು ಜಾಗ ಬೇಕೆಂದು ಮೇಲ್ವಿಚಾರಕರು ನನ್ನನ್ನು ಒಂದು ಮಾತೂ ಕೇಳದೆ ಗುಂಡಿ ಅಗೆಸಿದರು. ಇಪ್ಪತ್ತೆರಡು ವರ್ಷ ಆ ಮಣ್ಣು ಮಾಡಿದವಳು ನಾನು. ಓಡಿ ಹೋಗುವಷ್ಟರಲ್ಲಿ ಆ ಪ್ರಾಣಿ ಎರಡು ತುಂಡಾಗಿ ಬಿದ್ದಿತ್ತು. "ಹಾವಲ್ಲ ಸಾರ್, ಕಪ್ಪೆ ಜಾತಿ" ಅಂದೆ. "ಕಾಲಿಲ್ಲದ ಕಪ್ಪೆಯಂತೆ! ಮಗಳು ಓದಿದ್ದು ತಾಯಿ ತಲೆಗೇರಿದೆ" ಎಂದು ಎಲ್ಲರೆದುರು ನಕ್ಕರು. ನನ್ನನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ನಿನ್ನ ಓದನ್ನು ಆಡಿಕೊಂಡರು.

ಉಳಿದ ಮಣ್ಣಿನ ಮೇಲೆ ಕೂತುಬಿಟ್ಟೆ. ಸಲಿಕೆ ಹಿಡಿದವರು ನನ್ನ ಮುಖ, ಮೇಲ್ವಿಚಾರಕರ ಮುಖ ನೋಡಿ ನೀರು ಕುಡಿಯುವ ನೆಪದಲ್ಲಿ ಜಾರಿಕೊಂಡರು. ಆ ಹೊತ್ತಿನಲ್ಲಿ ಕೈಯಲ್ಲೇ ಬಗೆದೆ. ಒಂದು ಗೇಣು ಕೆಳಗೆ ಇನ್ನೊಂದಿತ್ತು, ಮಣಿ ಪೋಣಿಸಿದಂತಿದ್ದ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿತ್ತು. ಮೇಲೆ ಅಷ್ಟು ಗದ್ದಲವಾದರೂ ಬಿಟ್ಟು ಹೋಗಿರಲಿಲ್ಲ. ಅಲ್ಲಿಯವರೆಗೆ ಗಟ್ಟಿಯಾಗಿ ಜಗಳವಾಡಿದವಳಿಗೆ ಆಗ ಅಳು ಬಂತು, ಸಿಟ್ಟಿನ ಅಳು. ಮಣ್ಣು ಸಮೇತ ಬಟ್ಟೆ ಒಗೆಯುವ ಟಬ್ಬಿಗೆ ಎತ್ತಿಕೊಂಡು ಬಂದೆ. ಈಗ ನನ್ನ ಮಂಚದ ಕೆಳಗಿದೆ, ಒದ್ದೆ ಗೋಣಿ ಹೊದಿಸಿದ್ದೇನೆ. ಸಂಜೆಯೊಳಗೆ ಗುಂಡಿಗೆ ಜಲ್ಲಿ ಬಿತ್ತು. ಅದರ ಮೇಲೆ ಮೊದಲು ನಿಂತದ್ದು ಮೇಲ್ವಿಚಾರಕರದೇ ಕಾರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಜೊತೆಯವರನ್ನೆಲ್ಲ ಕೇಳಿದೆನೆಂದು ಹೇಳು. ಹಿಡಿದ ಕೆಲಸ ನಿನ್ನ ಕೈಗೂಡಲಿ.

ನಿನ್ನ ಅಮ್ಮ

ಹೇಳಲು ಮರೆತೆ: ತಪ್ಪಾಯಿತೆಂದು ಬರೆದುಕೊಡು ಅಂದರು, ಕೊಡಲಿಲ್ಲ. ಕೆಲಸ ಹೋಯಿತು, ತಿಂಗಳ ಕೊನೆಗೆ ಕೊಠಡಿ ಬಿಡಬೇಕು. ನಾನು ನಿನ್ನ ಚಿಕ್ಕಮ್ಮನ ಮನೆಗೆ ಹೋಗಬಹುದು, ಇವನ್ನು ಎಲ್ಲಿಗೆ ಒಯ್ಯಲಿ? ಬೆಳಿಗ್ಗೆ ಗೋಣಿ ಸರಿಸಿದಾಗ ಮೊಟ್ಟೆಯೊಳಗೆ ಏನೋ ಮಿಸುಕಿತು. ಕಾಗದ ಕೈ ಸೇರಿದ ದಿನವೇ ಹೊರಡು.