ತೆರೆಯದ ಮುಚ್ಚಳ

ಅಕ್ಟೋಬರ್ 25, ಶನಿವಾರ

ನೋಡಲು ಬಂದವರ ನಗು ಇನ್ನೂ ಕಿವಿಯಲ್ಲಿದೆ. ಜನ ಟಿಕೆಟ್ ಕೊಂಡು ಹೆದರಲು ಬರುವ ಒಹಾಯೊದ ಈ ಭೂತದ ಮನೆಯಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ಶವದ ವೇಷದಲ್ಲಿ ಮಲಗುವುದು ನನಗೆ ಏಳನೇ ವರ್ಷ. ಇಂದು ನಾನು ಒಳಗಿದ್ದಾಗಲೇ ಶವಪೆಟ್ಟಿಗೆಯ ಚಿಲಕ ಸಿಕ್ಕಿಕೊಂಡಿತು.

"ನಿಜವಾಗ್ಲೂ ಸಿಕ್ಕಾಕೊಂಡಿದೀನಿ, ತೆಗೀರಪ್ಪಾ!" ಎಂದು ಕಿರುಚಿದೆ.

"ಏನ್ ಆಕ್ಟಿಂಗ್ ಗುರೂ!" ಎಂದು ಯಾರೋ ನಗುತ್ತಾ ಚಪ್ಪಾಳೆ ತಟ್ಟಿದರು. ಒಬ್ಬಳು ಮುಚ್ಚಳಕ್ಕೆ ಕೈಹಾಕಿದಳು. "ಮುಟ್ಬೇಡ ಕಣೇ, ಬೋರ್ಡ್ ನೋಡು" ಎಂದು ಗೆಳತಿ ಎಳೆದೊಯ್ದಳು. 'ನಟರನ್ನು ಮುಟ್ಟಬೇಡಿ' ಎಂಬ ಆ ಬೋರ್ಡ್ ಬರೆದವನು ನಾನೇ.

ಇಪ್ಪತ್ತು ನಿಮಿಷದ ನಂತರ ಮಾಟಗಾತಿ ವೇಷದ ಲೊರೆಟ್ಟಾ ಬಂದು ಚಿಲಕ ಒಡೆದಳು. "ಜನ ಯಾವತ್ತೂ ಇಷ್ಟು ಖುಷಿಪಟ್ಟಿರಲಿಲ್ಲ ವೆಂಡೆಲ್. ನಾಳೇನೂ ಹಿಂಗೇ ಕೂಗೋ!"

ಹೆದರುವುದರಲ್ಲಿ ಅವರಿಗೆ ಖುಷಿ ಏಕೆಂದು ಈಗ ತಿಳಿಯಿತು. ಹತ್ತು ಹೆಜ್ಜೆ ಮುಂದೆ ಹೊರಬಾಗಿಲಿದೆಯೆಂದು ಅವರಿಗೆ ಗೊತ್ತಿತ್ತು.

ಮನೆಗೆ ಬಂದು ನನ್ನ ಕೋಣೆಯ ಬಾಗಿಲು ತೆರೆದೇ ಇಟ್ಟಿದ್ದೇನೆ. ಎರಡು ಸಲ ಎದ್ದು ನೋಡಿಬಂದೆ. ಈಗ ಇನ್ನೊಮ್ಮೆ ನೋಡಿಬರುತ್ತೇನೆ.