ಒಣಗಿದ ದುಪ್ಪಟಿಯ ಮೊಕದ್ದಮೆ

ಶುಕ್ರವಾರ, ಮಧ್ಯಾಹ್ನ

ನನ್ನ ತರಲೆ ಮಗನಿಗೆ,

ಯುದ್ಧಭೂಮಿಯಲ್ಲಿ ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು, ಕಾಲು ಬೆಚ್ಚಗಿಟ್ಟುಕೊಂಡಿರು. ಕಾಗದ ತಡವಾಯಿತೆಂದು ಮುನಿಸಿಕೊಳ್ಳಬೇಡ. ನಿನ್ನಮ್ಮ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದಳು. ಗಾಬರಿಯಾಗಬೇಡ, ಆರೋಪಿ ನಾನಲ್ಲ, ಎದುರು ಮಹಡಿಯ ಇಸ್ತ್ರಿ ಮೇಷ್ಟ್ರು. ಗಂಜಿ ಹಾಕುವ ಬಗ್ಗೆ ಗಂಟೆಗಟ್ಟಲೆ ಪಾಠ ಹೇಳುತ್ತಾರೆಂದು ನೀನೇ ಇಟ್ಟ ಹೆಸರಲ್ಲವೇ ಅದು?

ಆ ಪಾಪದ ಮನುಷ್ಯ ಬಟ್ಟೆ ಒಣಹಾಕಿ ಶತ್ರು ವಿಮಾನಗಳಿಗೆ ಸನ್ನೆ ಮಾಡುತ್ತಿದ್ದರಂತೆ! ದೂರು ಕೊಟ್ಟವನು ನಮ್ಮ ಬೀದಿಯ ಪಹರೆಯವನು. ಕೊರಳಿಗೆ ದುರ್ಬೀನು ಬಿದ್ದ ದಿನದಿಂದ ಅವನ ಕಾಲು ನೆಲದ ಮೇಲೆ ನಿಂತಿಲ್ಲ. "ದಿನಾ ಬೆಳಗ್ಗೆ ಎಲ್ಲಕ್ಕಿಂತ ಮುಂಚೆ ಒಂದು ಬಿಳಿ ದುಪ್ಪಟಿ ಹಾಕ್ತಾನೆ ಸಾರ್, ಅದೂ ಒಣಗಿರೋ ದುಪ್ಪಟಿ! ಒಣಗಿರೋದನ್ನ ಯಾವನಾದ್ರೂ ಒಣಹಾಕ್ತಾನಾ?" ಎಂದನಂತೆ. ಪೊಲೀಸರು ಬಂದು ಹಗ್ಗದ ಮೇಲಿದ್ದ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಅರಗಿನ ಮುದ್ರೆ ಒತ್ತಿಕೊಂಡು ಹೋದರು.

ಆ ಗಂಟಿನಲ್ಲಿ ಸರ್ಕಾರಿ ವಕೀಲರ ಗೌನೂ ಇತ್ತು ನೋಡು! ವಿಚಾರಣೆಯ ದಿನ ಬರೀ ಕೋಟಿನಲ್ಲಿ ಎದ್ದು ನಿಂತರು. "ಗೌನ್ ಇಲ್ದೆ ವಾದ ಕೇಳಲ್ಲ," ಎಂದರು ಜಡ್ಜು. "ಸಾಕ್ಷ್ಯದ ಗಂಟಲ್ಲಿದೆ ಸ್ವಾಮಿ, ಬಿಡಿಸಿ ಕೊಡಿ." "ಅದಕ್ಕೆ ಅರ್ಜಿ ಹಾಕಿ." "ಗೌನ್ ಇಲ್ದೆ ಅರ್ಜಿ ಹೇಗೆ ಹಾಕ್ಲಿ ಸ್ವಾಮಿ?" ಕೊನೆಗೆ ಒಬ್ಬ ಕುಳ್ಳ ವಕೀಲರ ಗೌನು ತೊಟ್ಟು "ಇದು ದೇಶದ್ರೋಹ!" ಎಂದು ಕೈ ಎತ್ತಿದರು, ಕಂಕುಳು ಪರ್ರನೆ ಹರಿಯಿತು. ಮೇಷ್ಟ್ರು ಕಟಕಟೆಯಿಂದಲೇ, "ಆಮೇಲೆ ಕೊಡಿ ಸಾರ್, ಹೊಲಿಸಿ ಕೊಡ್ತೀನಿ," ಎಂದರು.

ಆದರೆ ದುಪ್ಪಟಿ ಯಾರಿಗಾಗಿ ಎಂದು ಕೇಳಿದರೆ ಮಾತ್ರ ಒಂದೇ ಉತ್ತರ: "ನನ್ನ ಖುಷಿ ಸಾರ್." ಬಾಯಿ ಬಿಡದಿದ್ದರೆ ಯುದ್ಧ ಮುಗಿಯುವವರೆಗೂ ಜೈಲೇ ಗತಿ ಎಂದರು ಜಡ್ಜು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ನಿನ್ನ ಸೋದರಮಾವ ಸೆರಗು ಹಿಡಿದು ಎಳೆಯುತ್ತಿದ್ದರೂ ಎದ್ದುಬಿಟ್ಟೆ.

"ನನಗಾಗಿ ಸ್ವಾಮಿ. ಅವ್ರಿಗೆ ನಾನಂದ್ರೆ ಇಷ್ಟ. ನಾನು ಎದ್ದು ಕಿಟಕಿ ತೆಗೆದಾಗ ಕಾಣ್ಲಿ ಅಂತ ಹಾಕ್ತಾರೆ."

"ಈ ವಯಸ್ಸಲ್ಲಾ?"

"ದುಪ್ಪಟಿಗೆ ಯಾವ ವಯಸ್ಸು ಸ್ವಾಮಿ?"

ಕೋರ್ಟಿಗೆ ಕೋರ್ಟೇ ನಕ್ಕಿತು. ಕೈಕೋಳ ಹಾಕಿದಾಗಲೂ ಬೆವರದ ಮೇಷ್ಟ್ರು ಈಗ ಬೆವರಿ ತೊಪ್ಪೆಯಾದರು. ಜಡ್ಜು ಪಹರೆಯವನನ್ನು ಕರೆದು ದುಪ್ಪಟಿ ಎಲ್ಲಿ ಹಾಕುತ್ತಿದ್ದರೆಂದು ಕೇಳಿದರು. ತಗಡಿನ ಸೂರಿನ ಕೆಳಗೆ ಎಂದನು ಪುಣ್ಯಾತ್ಮ! "ತಗಡಿನ ಕೆಳಗಿರೋದು ಮೇಲೆ ಹಾರೋ ವಿಮಾನಕ್ಕೆ ಹೇಗ್ರೀ ಕಾಣುತ್ತೆ?" ಅಲ್ಲಿಗೆ ಕೇಸು ಖುಲಾಸೆ. ಅಂಥ ದುಪ್ಪಟಿ ಇನ್ನೊಮ್ಮೆ ಹಾಕಕೂಡದೆಂದು ಮೇಷ್ಟ್ರಿಗೆ ಎಚ್ಚರಿಕೆ ಕೊಟ್ಟು ಕಳಿಸಿದರು.

"ಗಂಡ ಸತ್ತವಳು ಮನೆ ಮಾನ ಬೀದಿಗೆ ತಂದ್ಯಲ್ಲೇ!" ಎಂದು ನಿನ್ನ ಮಾವ ದಾರಿಯುದ್ದಕ್ಕೂ ಹಾರಾಡಿದ. "ಬೀದಿಗಲ್ಲಣ್ಣ, ಕೋರ್ಟಿಗೆ," ಎಂದೆ. ಈಗ ಮಾತು ಬಿಟ್ಟಿದ್ದಾನೆ, ಮನೆ ತಣ್ಣಗಿದೆ.

ಮಾರನೆಯ ದಿನ ಯಾರೋ ಬಾಗಿಲು ತಟ್ಟಿದರು. ನನ್ನ ಕೈಲಿದ್ದ ಗಾಜಿನ ಲೋಟ ಬಿದ್ದು ಚೂರಾಯಿತು. ಬಹಳ ಹೊತ್ತು ತೆಗೆಯಲೇ ಇಲ್ಲ. ತೆಗೆದರೆ ಮೇಷ್ಟ್ರು, ಕೂರಲೂ ಆಗದಷ್ಟು ಗಂಜಿ ಹಾಕಿದ ಅಂಗಿಯಲ್ಲಿ! "ನೀವು ಪ್ರಮಾಣ ಮಾಡದೇ ಹೇಳಿದ್ರೂ ಕೋರ್ಟಲ್ಲಿ ಹೇಳಿದ ಮಾತು. ಸುಳ್ಳು ಮಾಡೋದು ಬೇಡ ಅಂತ..." ಎಂದು ನೆಲ ನೋಡಿದರು. ಮಗನನ್ನು ಕೇಳಿ ಹೇಳುತ್ತೇನೆ ಎಂದೆ. ನಾಚಿಕೆ ಬಿಟ್ಟು ಬರೆಯುತ್ತೇನೆ ಕಣೋ, ನನಗೂ ಅವರು ಇಷ್ಟ. ನಗಬೇಡ.

ನನ್ನ ಆಯುಸ್ಸೂ ನಿನಗೇ ಸೇರಲಿ.

ನಿನ್ನ
ಅಮ್ಮ

ವಿ.ಸೂ.: ಕೋರ್ಟಿನಲ್ಲಿ ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಮೇಷ್ಟ್ರ ಅಂಗಡಿಯ ಪಕ್ಕದಲ್ಲೇ ತಂತಿ ಕಚೇರಿ ಇದೆಯಲ್ಲ, ನಿನ್ನ ಕಾಗದಗಳು ನಿಂತಾಗಿನಿಂದ ಅವರು ದಿನಾ ಬೆಳಗ್ಗೆ ತಂತಿಯವನನ್ನು ಗುಟ್ಟಾಗಿ ವಿಚಾರಿಸುತ್ತಿದ್ದರು. ಬಿಳಿ ದುಪ್ಪಟಿ ಕಂಡರೆ ಸೇನೆಯಿಂದ ನಮ್ಮ ಮನೆಗೆ ತಂತಿ ಬಂದಿಲ್ಲ, ನೀನು ಇದ್ದೀಯ ಎಂದರ್ಥ. ಅದನ್ನು ಹೇಳಿದ್ದರೆ ತಂತಿಯವನ ಕೆಲಸ ಹೋಗುತ್ತಿತ್ತು. ಈ ಕಾಗದ ಒಡೆದು ಓದುವ ಸಾಹೇಬರೇ, ಓದಿ ಮರೆತುಬಿಡಿ, ನಿಮಗೂ ತಾಯಿ ಇದ್ದಾರು. ದುಪ್ಪಟಿ ಹಾಕುವಂತಿಲ್ಲವೆಂದ ಮೇಲೆ ಮೇಷ್ಟ್ರು ಕೋರ್ಟಿನ ಮೆಟ್ಟಿಲ ಮೇಲೆ ಮೆಲ್ಲಗೆ, "ಅಂಥ ತಂತಿ ಏನಾದ್ರೂ ಬಂದ್ರೆ ನಾನೇ ಬಂದು ಬಾಗಿಲು ತಟ್ತೀನಿ, ಬೇರೆಯವ್ರಿಂದ ತಿಳಿಯೋದು ಬೇಡ," ಎಂದಿದ್ದರು. ಲೋಟ ಬಿದ್ದದ್ದು ಅದಕ್ಕೇ. ನಿನಗೆ ಕೈಮುಗಿಯುತ್ತೇನೆ ಮಗನೇ, ಒಂದೇ ಒಂದು ಸಾಲು ಬರಿ. ಇನ್ನೊಮ್ಮೆ ಅವರು ಬಂದು ತಟ್ಟಿದಾಗ ನಾನು ಹೆದರದೆ ಬಾಗಿಲು ತೆಗೆಯಬೇಕು.