ಕತ್ತರಿ ಕೊಟ್ಟ ಒಂದು ನಕ್ಷತ್ರ

ಫೆಬ್ರವರಿ 3, ಮಂಗಳವಾರ. ಬೆಳಿಗ್ಗೆ.

ಹಾಲು ಎಂದಿನಂತೆ ಉಕ್ಕಿತು. ಒಲೆ ಒರೆಸಿದೆ. ಆಮೇಲೆ ಹೆಂಡತಿಯ ಟ್ಯಾಬ್ ತೆಗೆದು, ಎಂದಿನಂತೆ ಅವಳ ಪುಸ್ತಕದ ಪುಟಕ್ಕೆ ಹೋದೆ. ಇನ್ನೂ ಅಲ್ಲೇ ಇದೆ. ಎಲ್ಲರಿಗಿಂತ ಮೇಲೆ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದೆ.

ಒಂದು ನಕ್ಷತ್ರ.

ಅವಳು ಬರೆದದ್ದು ಒಂದೇ ಕಾದಂಬರಿ. ‘ಅಂಗಡಿ ಬಾಗಿಲು ಹಾಕಿದ ಮೇಲೆ’. ಹಳೇ ಪುಸ್ತಕದಂಗಡಿ, ಅದರ ಒಡತಿ, ಒಂದು ಮಾತಾಡುವ ಬೆಕ್ಕು. ಸಂಜೆ ಬಾಗಿಲು ಹಾಕಿದೊಡನೆ ಪುಸ್ತಕಗಳ ಒಳಗಿನವರೆಲ್ಲ ಇಳಿದು ಬಂದು ಟೀ ಕುಡಿಯುತ್ತಾರೆ. ಬಸ್ಸಿನ ವೇಳಾಪಟ್ಟಿಯ ಪುಸ್ತಕದಿಂದ ಒಬ್ಬ ಇಳಿಯುತ್ತಾನೆ — ಅವನೇ ಹೀರೋ. ಬಾಯಿ ಬಿಟ್ಟರೆ ಹೊರಡುವ ಸಮಯ, ತಲುಪುವ ಸಮಯ. ಬೇರೆ ಮಾತಿಲ್ಲ. ಆದರೂ ಒಡತಿಗೆ ಅವನೇ ಬೇಕು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನ ಹೆಂಡತಿಗೆ ಇಂಥವನು ಎಲ್ಲಿ ಸಿಕ್ಕಿದನೋ… ಕೇಳಿದ್ದೆ. ನಕ್ಕಳು. ಭಾವಮೈದ ತನ್ನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಕೊಟ್ಟ. ಸ್ವಂತ ಹೆಸರು ಬೇಡವೆಂದಳು. ಪೆನ್ ನೇಮ್ — ಅಟ್ಟದ ಗುಬ್ಬಿ.

ಜಾಲತಾಣದಲ್ಲಿ ಓದುಗರ ಅಭಿಪ್ರಾಯ ಧಾರಾಳ. “ಬೆಕ್ಕಿಗಾಗಿ ಐದು ನಕ್ಷತ್ರ.” “ಓದುತ್ತಾ ಟೀ ಆರಿಹೋಯಿತು, ನಾಲ್ಕು.” “ಮುತ್ತು ಇನ್ನೂರು ಪುಟ ಲೇಟು, ಮೂರು.” ಒಬ್ಬ ಪುಣ್ಯಾತ್ಮ — “ಕಥೆ ಸೊಗಸು. ಪಾರ್ಸೆಲ್ಲಿನಲ್ಲಿ ಮೂಲೆ ಮಡಚಿತ್ತು, ಎರಡು.” ಇವರನ್ನೆಲ್ಲ ಕ್ಷಮಿಸಬಹುದು.

ಕತ್ತರಿ ಎಂಬ ಹೆಸರಿನವಳನ್ನು ಕ್ಷಮಿಸಲಾಗದು. ಅವಳು ಬರೆದದ್ದು ಬಾಯಿಪಾಠವಾಗಿದೆ. “ಈ ನಾಯಕ ಮನುಷ್ಯನೋ ಮರದ ಕುರ್ಚಿಯೋ? ಪ್ರೀತಿಸುತ್ತೇನೆ ಎನ್ನಲು ಬಾಯಿಲ್ಲ, ಐದೂವರೆಯ ಬಸ್ಸು ಎನ್ನಲು ಮಾತ್ರ ಇದೆ. ಇಂಥವನ ಜೊತೆ ನನಗೆ ಮೂರು ಅಧ್ಯಾಯ ಕಳೆಯುವುದೇ ಕಷ್ಟವಾಯಿತು. ಆಕೆ ಜೀವಮಾನ ಹೇಗೆ ಕಳೆಯುತ್ತಾಳೋ.”

ನನ್ನವಳು ತೀರಿಹೋಗಿ ಏಳು ತಿಂಗಳು. ಅವಳ ಗುಬ್ಬಿ ಹೆಸರನ್ನು ಯಾರು ಹುಡುಕಿದರೂ ಮೊದಲು ಸಿಗುವುದು ಇದೇ. ಸಮಾಧಿ ಕಲ್ಲಿನ ಮೇಲೆ ಯಾರೋ ಉಗಿದು ಹೋದ ಹಾಗೆ.

ತೆಗೆಸುತ್ತೇನೆ. ತೆಗೆಸದೆ ಬಿಡುವುದಿಲ್ಲ.


ಫೆಬ್ರವರಿ 5

ಭಾವಮೈದ ಬಂದಿದ್ದ. ಕೈಯೆಲ್ಲ ಶಾಯಿ, ನನ್ನ ಟವೆಲಿಗೇ ಒರೆಸಿದ. ವಿಷಯ ಹೇಳಿದೆ.

“ಭಾವ, ಅದನ್ನ ಯಾರೂ ಮೇಲಿಟ್ಟಿಲ್ಲ. ಯಾವುದರ ಕೆಳಗೆ ಜಾಸ್ತಿ ಮಾತುಕತೆ ಆಗಿರುತ್ತೋ ಅದು ತಾನಾಗೇ ಮೇಲೆ ಬರುತ್ತೆ. ಅಲ್ಲಿನ ರೂಲು.”

“ಅಂದ್ರೆ ಅದರ ಕೆಳಗೆ ಜನ ಸೇರ್ಕೊಂಡು ನಗ್ತಿದಾರೆ.”

“ಇರಬೋದು. ತೆಗೆದು ನೋಡಿಲ್ವಾ?”

“ನಾನ್ಯಾಕೆ ನೋಡ್ಲಿ? ಬೈಗುಳ ಕೇಳೋಕೆ ಟಿಕೆಟ್ ತಗೊಂಡು ಹೋಗ್ಬೇಕಾ?”

ಲೋಟ ಕೆಳಗಿಟ್ಟ. “ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಕುರ್ಚಿ ಅಂತ ಅಂದಿದಾಳಲ್ಲ… ನಿಮಗೆ ಉರೀತಿರೋದು ಅಕ್ಕನ ಪುಸ್ತಕಕ್ಕೆ ಅಂದಿದ್ದಕ್ಕಾ, ಕುರ್ಚಿಗೆ ಅಂದಿದ್ದಕ್ಕಾ?”

ಟವೆಲ್ ಕಸಿದುಕೊಂಡೆ. ನಗುತ್ತಲೇ ಹೋದ. ಪ್ರೆಸ್ಸಿನವರಿಗೆ ನಾಲಿಗೆಯಲ್ಲೂ ಶಾಯಿ.


ಫೆಬ್ರವರಿ 6, ಸಂಜೆ

ಬರೆದೆ. ಕತ್ತರಿಯ ಮಾತಿನ ಕೆಳಗೇ ಒಂದು ಖಾಲಿ ಚೌಕವಿದೆ, ‘ಉತ್ತರಿಸಿ’ ಎಂದು. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಒಂದೇ ಬೆರಳಿನಲ್ಲಿ ಕುಟ್ಟಿದೆ, ಮಧ್ಯಾಹ್ನವಿಡೀ ಹಿಡಿಯಿತು. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದೆಲ್ಲ ಒಂದೊಂದಾಗಿ ಮೇಲೆದ್ದು ಬಂತು — ಕಾಂಟೆಕ್ಸ್ಟ್, ಕ್ಯಾರೆಕ್ಟರ್ ಸ್ಕೆಚ್, ಕ್ಯಾಥಾರ್ಸಿಸ್. ಕೊನೆಯದರ ಅರ್ಥ ಮರೆತಿದೆ, ಹೊಟ್ಟೆಗೆ ಸಂಬಂಧಪಟ್ಟದ್ದು. ಆದರೂ ಹಾಕಿದೆ. ತೂಕ ಬರುತ್ತದೆ.

ಮುಖ್ಯ ಭಾಗ ಹೀಗಿದೆ: “ಪ್ರೀತಿ ಎಂದರೆ ಬಾಯಿಬಡುಕತನ ಎಂದು ನಿಮಗೆ ಯಾರು ಹೇಳಿದರು? ಓದಲು ಬಾರದವರು ಪುಸ್ತಕ ಮುಟ್ಟಬಾರದು. ಕತ್ತರಿ ಎಂದು ಹೆಸರಿಟ್ಟುಕೊಂಡ ಮಾತ್ರಕ್ಕೆ ದರ್ಜಿಯಾಗುವುದಿಲ್ಲ. ನೀವು ಬಟ್ಟೆ ಹಾಳು ಮಾಡುವವರು. ನಿಮ್ಮನ್ನು ಯಾರೂ ಸಂಜೆ ಕಾದು ಕೂತದ್ದಿಲ್ಲ ಎಂಬುದು ನಿಮ್ಮ ಬರಹದಲ್ಲೇ ಗೊತ್ತಾಗುತ್ತದೆ.”

ಕೊನೆಯ ವಾಕ್ಯ ಚೆನ್ನಾಗಿ ಬಿತ್ತು. ಒತ್ತಿದೊಡನೆ ಕೆಳಗೆ ಮೂಡಿತು, ಪಕ್ಕದಲ್ಲಿ ಪುಟ್ಟ ಗುಬ್ಬಿ ಚಿತ್ರ. ಪುಸ್ತಕದ ಮುದ್ರೆ ಇರಬೇಕು. ನನ್ನದರ ಮೇಲ್ಗಡೆ ‘ಹಿಂದಿನ ಮಾತುಗಳು’ ಎಂದು ಮಡಚಿದ ಗಂಟೊಂದಿತ್ತು. ನಗುವವರ ಗಂಟು. ಬಿಚ್ಚಲಿಲ್ಲ.

ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.


ಫೆಬ್ರವರಿ 8

ಕತ್ತರಿಯಿಂದ ಒಂದೇ ಸಾಲು. “ಇದು ನೀವೇನಾ?”

ಹೆದರಿದ್ದಾಳೆ. ಇಷ್ಟು ಜೋರಾಗಿ ಯಾರೂ ಉತ್ತರ ಕೊಟ್ಟಿರಲಿಕ್ಕಿಲ್ಲ.

ತಕ್ಷಣ ಹಾಕಿದೆ. “ನಾನೇ. ನೂರಕ್ಕೆ ನೂರು. ಮೊದಲ ದಿನದಿಂದಲೂ ನಿಮ್ಮನ್ನು ಕಂಡರೆ ಆಗುತ್ತಿರಲಿಲ್ಲ. ಇಷ್ಟು ದಿನ ಸಹಿಸಿದೆ, ಅಷ್ಟೆ.”

ಬೆಕ್ಕಿಗೆ ಐದು ಕೊಟ್ಟವರು ಬಂದು ನನ್ನ ಪರ ನಿಂತರು. “ಲೇಖಕಿಯ ಮನಸ್ಸು ನೋಯಿಸಿದಿರಿ, ಕ್ಷಮೆ ಕೇಳಿ” ಎಂದು ಕತ್ತರಿಗೆ ಒಬ್ಬರಾದ ಮೇಲೊಬ್ಬರು. ಮೂಲೆ ಮಡಚಿತ್ತೆಂದವನೂ ಬಂದ. ಕರೆಕ್ಟ್. ಲೇಖಕಿಗೆ ನೋವಾಗದೆ ಇರುತ್ತದೆಯೇ.


ಫೆಬ್ರವರಿ 15, ಭಾನುವಾರ

ವಾರವಿಡೀ ಬಿಡುವಿರಲಿಲ್ಲ. ಕತ್ತರಿ ಬೇರೆ ಬೇರೆ ಪುಸ್ತಕಗಳಿಗೆ ಬರೆದದ್ದನ್ನೆಲ್ಲ ಹುಡುಕಿ ತೆಗೆದೆ. ಪ್ರತಿಯೊಂದರ ಕೆಳಗೂ ಹೋಗಿ ಬರೆದೆ. ಅಡುಗೆ ಪುಸ್ತಕದ ಕೆಳಗೂ. ಡಿಪೋದಲ್ಲಿ ಲೇಟಾಗಿ ಬಂದ ಡ್ರೈವರನನ್ನು ಗೇಟಿನಿಂದ ಕ್ಯಾಂಟೀನಿನವರೆಗೆ ಹಿಂಬಾಲಿಸಿ ಬೈಯುತ್ತಿದ್ದೆ. ಆ ಕಸುಬು ಮರೆತಿಲ್ಲ. ಹಿಂದೆಯೇ ಬೆಕ್ಕಿನ ಪಾರ್ಟಿಯವರು. ಅವರ ಕನ್ನಡ ನನ್ನದಕ್ಕಿಂತ ಒರಟು. ತಡೆಯಲಿಲ್ಲ.

ಮಗಳು ಬಂದಳು. ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ, ಭಾನುವಾರ ಮಾತ್ರ ಬಿಡುವು. ಹೆಮ್ಮೆಯಿಂದ ತೋರಿಸಿದೆ. ಓದಿದಳು. ಮತ್ತೆ ಮೇಲಿನಿಂದ ಓದಿದಳು.

“ಅಪ್ಪ. ಇದು ಅಮ್ಮನ ಅಕೌಂಟು.”

“ಅಂದ್ರೆ?”

“ಟ್ಯಾಬಲ್ಲಿ ಅಮ್ಮನದೇ ತೆರೆದಿದೆ. ನೀನು ಬರೆದಿದ್ದೆಲ್ಲ ಅಮ್ಮ ಬರೆದ ಹಾಗೆ ಹೋಗಿದೆ. ಈ ಗುಬ್ಬಿ ನೋಡು. ಅಟ್ಟದ ಗುಬ್ಬಿ ಅಂತ ಹೆಸರಿಲ್ವಾ?”

“ಅದು ಪುಸ್ತಕದ್ದು ಅಂದ್ಕೊಂಡೆ.”

“ಅಮ್ಮ ಹೋಗಿದ್ದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅಮ್ಮನ ಬಾಯಲ್ಲಿ ಇಂಥ ಮಾತು… ಛೆ. ಅಳಿಸ್ಬಿಡು ಅಪ್ಪ.”

ಅಳಿಸಲೆಂದು ಬೆರಳೂ ಇಟ್ಟೆ. ಸುಳ್ಳು ಹೇಳಲಾರೆ. ಆಮೇಲೆ ಯೋಚಿಸಿದೆ. ಇವಳ ಅಮ್ಮನಿಗೆ ಹೊರಗಿನವರ ಜೊತೆ ಜಗಳವಾಡಲು ಬರುತ್ತಿರಲಿಲ್ಲ. ತರಕಾರಿಯವನು ಕೊಳೆತದ್ದು ಹಾಕಿದರೂ ಥ್ಯಾಂಕ್ಸ್ ಹೇಳಿ ಬರುತ್ತಿದ್ದಳು. ಮರುದಿನ ಹೋಗಿ ಬೈದು ಬರುವುದು ನನ್ನ ಪಾಲು. ಈಗಲೂ ಅಷ್ಟೇ. ನಾಲಿಗೆ ಸಾಲ ಕೊಟ್ಟಿದ್ದೇನೆ.

“ಅಳಿಸಲ್ಲ” ಎಂದೆ.

ಮಗಳು ಚಪ್ಪಲಿ ಮೆಟ್ಟಿದಳು. “ನೀನು ಒಬ್ಬನೇ ಇರ್ತೀಯ ಅಂತ ಬರ್ತೀನಿ. ನೀನು ನೋಡಿದ್ರೆ ಯಾರೋ ಮುಖ ನೋಡದವರ ಜೊತೆ ಗುದ್ದಾಡ್ಕೊಂಡು ಆರಾಮಾಗಿದೀಯ.”

ಹೌದು, ಆರಾಮಾಗಿದ್ದೇನೆ. ಅದೂ ತಪ್ಪೇ?


ಫೆಬ್ರವರಿ 24

ವಿಕ್ಟರಿ.

ಕತ್ತರಿಯ ಮಾತಿನ ಮೇಲೆ ಕೆಂಪು ಪಟ್ಟಿ ಬಿದ್ದಿದೆ. “ಈ ಓದುಗರು ಖಾತೆ ಮುಚ್ಚಲು ಕೋರಿದ್ದಾರೆ. ಶುಕ್ರವಾರ ಸಂಜೆ ಇವರ ಎಲ್ಲ ಅಭಿಪ್ರಾಯಗಳೂ ಅವುಗಳ ಕೆಳಗಿನ ಮಾತುಗಳೂ ಅಳಿಸಿಹೋಗುತ್ತವೆ.” ಕತ್ತರಿಗೆ ನೇರ ಸಂದೇಶ ಕಳಿಸುವ ದಾರಿಯೂ ಬಂದ್. ಬೆಕ್ಕಿನ ಪಾರ್ಟಿಯವರ ಕಾಟ ತಡೆಯಲಾಗದೆ ಅವಳೇ ಮುಚ್ಚಿಕೊಂಡಿದ್ದಾಳಂತೆ.

ಪೊಯೆಟಿಕ್ ಜಸ್ಟಿಸ್. ಇದರ ಅರ್ಥ ಮಾತ್ರ ಎಂದೂ ಮರೆತಿಲ್ಲ.

ಮಗಳಿಗೆ ಫೋನ್ ಮಾಡಿ ಹೇಳಿದೆ. “ಕೆಳಗಿರೋದೆಲ್ಲ ಹೋಗುತ್ತೆ ಅಪ್ಪ, ನೀನು ಬರೆದಿದ್ದೂ” ಎಂದಳು. ಹೋಗಲಿ. ನನ್ನ ಆ ಮೊದಲ ಉತ್ತರ ಒಂದು ಉಳಿಯಬೇಕಿತ್ತು — ದರ್ಜಿ, ಬಟ್ಟೆ, ಕಾದು ಕೂರುವುದು… ಅಂಥದ್ದು ಮತ್ತೆ ಬರೆಯಲಾದೀತೇ. ಶುಕ್ರವಾರ ಈ ಡೈರಿಗೆ ಇಳಿಸಿಕೊಳ್ಳುತ್ತೇನೆ. ಆಮೇಲೆ ಟೀ ಮಾಡಿಕೊಂಡು ಕೂತು, ಆ ಒಂದು ನಕ್ಷತ್ರ ಹೇಗೆ ಮಾಯವಾಗುತ್ತದೆ ನೋಡುತ್ತೇನೆ.


ಫೆಬ್ರವರಿ 27, ಶುಕ್ರವಾರ. ಸಂಜೆ.

ಟೀ ಹಾಗೇ ಇದೆ. ಬೇಗ ಬರೆಯಬೇಕು.

ನನ್ನ ಉತ್ತರ ಇಳಿಸಿಕೊಳ್ಳಲು ಹೋದೆ. ಅದೂ ಈಗ ‘ಹಿಂದಿನ ಮಾತುಗಳು’ ಗಂಟಿನೊಳಗೆ ಸೇರಿತ್ತು. ಬಿಚ್ಚಿದೆ. ನಗುವವರ ಗುಂಪಿಲ್ಲ. ಇರುವುದು ಇಬ್ಬರೇ. ಕತ್ತರಿ, ಗುಬ್ಬಿ. ಕತ್ತರಿ, ಗುಬ್ಬಿ. ಉದ್ದಕ್ಕೂ.

ಅವಳೇ. ಇದೇ ಟ್ಯಾಬ್ ಹಿಡಿದು ಕಿಟಕಿ ಪಕ್ಕ ಕೂತು ತನ್ನಷ್ಟಕ್ಕೆ ನಗುತ್ತಿದ್ದಳಲ್ಲ. ಬೆಕ್ಕಿನ ವಿಡಿಯೋ ನೋಡುತ್ತಾಳೆ ಎಂದುಕೊಂಡಿದ್ದೆ.

ಮೊದಲನೆಯದು: “ಕತ್ತರಿಯವರೇ, ಮರದ ಕುರ್ಚಿ ಓದಿ ಅಷ್ಟು ನಕ್ಕೆ, ಕೆಮ್ಮು ಬಂತು. ನಕ್ಷತ್ರ ಹೆಚ್ಚು ಮಾಡಬೇಡಿ, ಇದೇ ಚಂದ.” ಕತ್ತರಿ: “ಗುಬ್ಬಿ, ನೀವು ಇಷ್ಟು ಒಳ್ಳೆಯವರೆಂದು ಗೊತ್ತಿದ್ದರೆ ಎರಡು ಕೊಡುತ್ತಿದ್ದೆ.” ಹೀಗೇ ಹೋಗುತ್ತದೆ. ಸೀರಿಯಲ್ಲು, ಮಂಡಿ ನೋವು, ಕತ್ತರಿಯ ಅತ್ತೆ, ನಾನು ಹಾಲು ಉಕ್ಕಿಸುವುದು. ನನ್ನ ಹಾಲು ಕತ್ತರಿಗೆ ಗೊತ್ತಿದೆ. ಇಷ್ಟು ಮಾತಾಡಿದ್ದಕ್ಕೇ ಅದು ಎಲ್ಲಕ್ಕಿಂತ ಮೇಲೆ ಕೂತದ್ದು. ಅಲ್ಲಿ ಕೂರಿಸಿದವಳು ನನ್ನವಳೇ.

ಇವಳ ಕೊನೆಯ ಮಾತು, ಕಳೆದ ಜೂನಿನದು: “ನಾಳೆ ಒಂದು ಸಣ್ಣ ಆಪರೇಷನ್. ಬಂದ ಮೇಲೆ ಮಾತಾಡೋಣ.”

ಅದರ ಕೆಳಗೆ ಕತ್ತರಿ: “ಬಂದಿರಾ?” ಸ್ವಲ್ಪ ದಿನ ಬಿಟ್ಟು: “ಗುಬ್ಬಿ, ಬಂದಿರಾ?” ಆಮೇಲೆ: “ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ.” ತಿಂಗಳು ಬಿಟ್ಟು, ಮತ್ತೊಂದು ತಿಂಗಳು ಬಿಟ್ಟು: “ಬಂದಿರಾ?”

ಅದರ ಕೆಳಗೆ ನಾನು. ಗುಬ್ಬಿಯ ಚಿತ್ರ ಇಟ್ಟುಕೊಂಡು. ನಿಮ್ಮನ್ನು ಯಾರೂ ಸಂಜೆ ಕಾದು ಕೂತದ್ದಿಲ್ಲ ಎಂದು.

ಮಗಳು ಫೋನ್ ಎತ್ತುತ್ತಿಲ್ಲ, ಆಸ್ಪತ್ರೆಯಲ್ಲಿ ರಶ್ ಇರುತ್ತದೆ. ನಾನು ಗುಬ್ಬಿಯಲ್ಲ, ಗುಬ್ಬಿಯ ಗಂಡ ಎಂದು ಚೌಕದಲ್ಲಿ ಬರೆದೆ. “ಮುಚ್ಚುತ್ತಿರುವ ಖಾತೆಗೆ ಉತ್ತರಿಸಲಾಗದು.” ಮತ್ತೆ ಒತ್ತಿದೆ. ಅದೇ. ಸಂದೇಶದ ದಾರಿ ನಾವೇ ಮುಚ್ಚಿಸಿದ್ದು. ಕತ್ತರಿ ಎಲ್ಲಿಯವಳು, ಯಾರು, ಏನೂ ಗೊತ್ತಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಅಷ್ಟೇ ಇದೆ. ಇದನ್ನು ಈಗ ಯಾರ ಮೇಲೆ ಹಾಕಲಿ?

ಪರದೆಯ ಫೋಟೋ ತೆಗೆಯುವುದು ಹೇಗೋ ಗೊತ್ತಿಲ್ಲ, ಏನೋ ಒತ್ತಲು ಹೋಗಿ ಪುಟವೇ ಹೋದರೆ. ಪೆನ್ನು ಕೈಯಲ್ಲಿದೆ. ಎಲ್ಲ ಇಳಿಸಲಾಗದು. ಒಂದು ಮಾತ್ರ. ಮೇ ತಿಂಗಳಲ್ಲಿ ಕತ್ತರಿ ಕೇಳಿದ್ದಾಳೆ — “ನಿಜ ಹೇಳಿ ಗುಬ್ಬಿ, ಆ ಕುರ್ಚಿ ನಿಮ್ಮ ಮನೆಯವರೇ ತಾನೆ? ಒಂದು ಸಲವಾದರೂ ಬಾಯಿಬಿಟ್ಟು ಹೇಳಿದ್ದುಂಟೇ?”

ಇವಳ ಉತ್ತರ ಉದ್ದವಿದೆ. ಪರದೆ ನೋಡಿ ನೋಡಿ ಬರೆಯುತ್ತಿದ್ದೇನೆ:

“ಅವರೇ. ಯಾರಿಗೂ ಹೇಳಬೇಡಿ, ಓದಿದರೆ ಮುನಿಸಿಕೊಳ್ಳುತ್ತಾರೆ. ನೀವು ಬರೆದದ್ದು ಸರಿ, ಅವರಿಗೆ ಹೇಳಲು ಬರುವುದಿಲ್ಲ. ಆದರೆ ಒಂದು ಸಲ ಹೇಳಿದ್ದಾರೆ. ಹೇಳಿದ್ದು ಅವರಿಗೇ ನೆನಪಿಲ್ಲ. ಮಗಳು ಆಗಿನ್ನೂ ಕೈಗೂಸು, ನಾನು ಜಗಳವಾಡಿ ಅಮ್ಮನ ಮನೆಗೆ ಹೊರಟಿದ್ದೆ. ಡಿಪೋ ಗೇಟಿನ ಹತ್ತಿರ ಬಸ್ಸಿನಲ್ಲಿ ಕೂತಿದ್ದೆ. ಇವರು ಕೈಯಲ್ಲಿ ಸೀಟಿ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದರು. ಎಂದೂ ಬಸ್ಸನ್ನು ಒಂದು ನಿಮಿಷವೂ ತಡ ಮಾಡದವರು ಆವತ್ತು ಸೀಟಿ ಊದಲೇ ಇಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಜನ ಬೈಯುತ್ತಿದ್ದಾರೆ. ಇವರು ಕಿಟಕಿಯ ಕಂಬಿ ಹಿಡಿದು, ನನ್ನ ಮುಖ ನೋಡದೆ, ಮೆಲ್ಲಗೆ—”

ಪುಟ ಹೋಯಿತು.